ಕುಕ್ಕರ್ ಕೂಗಿದ ಹಾಡು

ಜೀವಮಾನದಲ್ಲಿ ಪಕ್ಕದ ಮನೆಯ ಮಾವಿನಕಾಯಿಗೂ ಕೈ ಹಾಕಿದವನಲ್ಲ ನಾನು. ಆದರೆ ಹಾಡು ಕದ್ದಿದ್ದೇನೆ. ಗಾಳಿಯಲ್ಲಿ ಬಂದದ್ದನ್ನು ಹಿಡಿದಿಟ್ಟುಕೊಂಡರೆ ಕಳ್ಳತನ ಹೇಗಾಗುತ್ತದೆ ಎಂದು ನೀವು ನನ್ನ ಪರವಾಗಿ ವಾದಿಸಬಹುದು. ನಾನೂ ಹೆಂಡತಿಯೆದುರು ಹಾಗೆಯೇ ವಾದಿಸಿ ಸೋತವನು. ಆಗ ನಾನು ಸಾಗರದ ಅಂಚೆ ಕಚೇರಿಯಲ್ಲಿ ಗುಮಾಸ್ತ. ರೇಡಿಯೊಗೆ ವರ್ಷ ವರ್ಷವೂ ಲೈಸೆನ್ಸ್ ಮಾಡಿಸಬೇಕಿದ್ದ ಕಾಲ ಅದು. ಬರೀ ಕಾರ್ಡು ಕೊಳ್ಳಲು ಬಂದವರನ್ನೂ ಬಿಡದೆ, “ಮನೇಲಿ ರೇಡಿಯೊ ಇದ್ಯಾ? ಲೈಸೆನ್ಸ್ ಮಾಡ್ಸಿದ್ದೀರಾ?” ಎಂದು ಜಬರಿಸುತ್ತಿದ್ದೆ. ಲಾಂಚ್ ಹತ್ತಿ ಹಿನ್ನೀರು ದಾಟಿ ಬ್ಯಾಕೋಡಿನಿಂದ ಬಂದಿದ್ದ ಮಂಜಪ್ಪನವರಂತೂ ಒಮ್ಮೆ ನನ್ನ ಕಾಟಕ್ಕೆ ಬೇಸತ್ತು, ಸ್ಟಾಂಪೂ ಬೇಡವೆಂದು ಹೊರಟುಬಿಟ್ಟಿದ್ದರು.

ಅಂಥ ಧರ್ಮಾತ್ಮನ ಮನೆಗೆ ಭಾವಮೈದುನನ ಕೃಪೆಯಿಂದ ಒಂದು ಟೇಪ್‌ರೆಕಾರ್ಡರ್ ಬಂತು. ಪೇಟೆಯಲ್ಲಿ ಒರಿಜಿನಲ್ ಕ್ಯಾಸೆಟ್‌ಗಳು ಸಿಗುತ್ತಿದ್ದವು. ರೇಡಿಯೊದಲ್ಲಿ ಪುಕ್ಕಟೆ ಬರುವುದನ್ನು ದುಡ್ಡು ಕೊಟ್ಟು ಕೊಳ್ಳುವುದು ನನ್ನ ಜಾಣತನಕ್ಕೆ ಅವಮಾನವಲ್ಲವೇ? ಮಗಳು ವಸುಧಾಳ ಶಾಲೆಯ ವಾರ್ಷಿಕೋತ್ಸವದಲ್ಲಿ, ನೀರಿಗೆ ಹೋಗುವ ಹೆಣ್ಣುಮಕ್ಕಳ ಹಾಡಿಗೆ ಕುಣಿತವೆಂದು ನಿಗದಿಯಾಯಿತು. ಹಿಂದಿನ ವರ್ಷ ಅವಳು ವೇದಿಕೆಯ ಮೂಲೆಯಲ್ಲಿ ಮರವಾಗಿ ನಿಂತಿದ್ದಳು. ಈ ಸಲ ಐದು ಹುಡುಗಿಯರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೊಡ ಹೊತ್ತು ನಡೆಯುವವಳು ಅವಳೇ. ಆ ಸಂಭ್ರಮಕ್ಕೆ ಅವಳಿಗೆ ಊಟವೂ ಸೇರುತ್ತಿರಲಿಲ್ಲ. ಹಾಡಿನ ಜವಾಬ್ದಾರಿ ನನ್ನದೆಂದು ಎದೆ ತಟ್ಟಿಕೊಂಡೆ. ರೇಡಿಯೊದ ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡು ಬರೆದು, ಭಾನುವಾರ ಮಧ್ಯಾಹ್ನ ರೇಡಿಯೊದ ಬಾಯಿಗೆ ಟೇಪ್‌ರೆಕಾರ್ಡರಿನ ಕಿವಿ ಹಚ್ಚಿ, ಕಿಟಕಿ ಬಾಗಿಲು ಮುಚ್ಚಿ, ಮನೆಮಂದಿಗೆಲ್ಲ ಮೌನವ್ರತ ವಿಧಿಸಿದೆ. ಒಗ್ಗರಣೆ ಹಾಕುವಂತಿಲ್ಲ, ಸೀನುವಂತಿಲ್ಲ. ಎರಡು ಭಾನುವಾರ ಬಾರದ ಹಾಡು ಮೂರನೆಯದಕ್ಕೆ ಬಂತು. ಮೊದಲ ನುಡಿ ಮುಗಿಯುವಾಗ ಅಮ್ಮ ಕೆಮ್ಮಿದಳು. ಎರಡನೆಯದಕ್ಕೆ ಕುಕ್ಕರ್ ಕೂಗಿತು. ಕೊನೆಯ ನುಡಿಗೆ ಸಿಟ್ಟು ತಡೆಯದೆ ನಾನು “ಶ್!” ಎಂದೆ. ಮೂರೂ ಸ್ಪಷ್ಟವಾಗಿ ರೆಕಾರ್ಡ್ ಆದವು.

ಹೆಂಡತಿ ಶಾರದಾ ಸೊಂಟಕ್ಕೆ ಕೈಯಿಟ್ಟು ನಿಂತಳು. “ಪೇಟೆಗೆ ಹೋಗಿ ತಂದಿದ್ರೆ ಕಾಲು ಗಂಟೆ ಕೆಲ್ಸ ಆಗಿತ್ತು ಮಾರಾಯ್ರೆ. ನಿಮ್ಮ ಪುಕ್ಕಟೆ ಹಾಡಿಗೆ ಮೂರು ಭಾನುವಾರ ಹಾಳಾಯ್ತು, ಅತ್ತೆಗೆ ಕೆಮ್ಮಕ್ಕೂ ಸ್ವಾತಂತ್ರ್ಯ ಇಲ್ಲ.”

ನಾನು ಕೇಳಿಸದವನಂತೆ ಪೇಪರ್ ಓದಿದೆ. ಹುಡುಗಿಯರು ದಿನಾ ಸಂಜೆ ನಮ್ಮ ಮನೆಯಲ್ಲೇ ಅದೇ ಕ್ಯಾಸೆಟ್ಟಿಗೆ ಕುಣಿದು ಕಲಿತರು. ಉತ್ಸವದ ಹಿಂದಿನ ದಿನ ನನಗೆ ಥಟ್ಟನೆ ಜ್ಞಾನೋದಯವಾಯಿತು: ನಾಳೆ ಮೈಕಿನಲ್ಲಿ ಇಡೀ ಸಾಗರ ನಮ್ಮಮ್ಮನ ಕೆಮ್ಮು ಕೇಳಲಿದೆ! ಮಾನ ಹೋಗುವುದಕ್ಕಿಂತ ದುಡ್ಡು ಹೋಗಲಿ ಎಂದು ಯಾರಿಗೂ ಹೇಳದೆ ಒರಿಜಿನಲ್ ಕೊಂಡು, ನೇರವಾಗಿ ಶಾಲೆಯ ಅಕ್ಕೋರ ಕೈಗೆ ಒಪ್ಪಿಸಿದೆ. ಪ್ರಾಮಾಣಿಕತೆಯಿಂದ ಮನಸ್ಸು ಎಷ್ಟು ಹಗುರಾಗುತ್ತದೆ ಎಂದು ಆ ಹೊತ್ತು ಗೊತ್ತಾಯಿತು.

ಮರುದಿನ ಮಧ್ಯಾಹ್ನ ಹಾಡು ಶುರುವಾಯಿತು. ಆಹಾ, ಕನ್ನಡಿಯಂಥ ಧ್ವನಿ! ಹುಡುಗಿಯರು ವೇದಿಕೆಗೆ ಬಂದರು, ರಟ್ಟಿನ ಬಾವಿಕಟ್ಟೆಯ ಬಳಿ ನಿಂತರು. ನಿಂತೇ ಇದ್ದರು. ವಸುಧಾ ಕಂಗಾಲಾಗಿ ಸುತ್ತ ನೋಡಿದಳು. ನನಗೆ ತಲೆಬುಡ ತಿಳಿಯಲಿಲ್ಲ. ದಿನಾ ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದ ಶಾರದಾಗೆ ತಿಳಿಯಿತು. “ಹಾಡು ಬದಲಾಯ್ಸಿದ್ರಾ? ಅಯ್ಯೋ ನಿಮ್ಮ! ಅತ್ತೆ ಕೆಮ್ಮಿದ್ರೆ ಬಗ್ಗಿ ಕೊಡ ತುಂಬೋದು, ಕುಕ್ಕರ್ ಕೂಗಿದ್ರೆ ತಿರುಗೋದು, ನೀವು ಶ್ ಅಂದ್ರೆ ನಿಲ್ಲೋದು. ಹಂಗೇ ಕಲ್ತಿದಾವೆ!”

ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅಮ್ಮ ಕೆಮ್ಮಿದಳು. ಬೇಕೆಂದೇ ಕೆಮ್ಮಿದಳೋ, ದೇವರೇ ಕೆಮ್ಮಿಸಿದನೋ ಕಾಣೆ. ಐದೂ ಕೊಡಗಳು ಒಟ್ಟಿಗೆ ಬಗ್ಗಿದವು. ಎರಡನೆಯ ನುಡಿ ಬಂತು. “ಕೂಗ್ರಿ!” ಎಂದು ಶಾರದಾ ತಿವಿದಳು. ಸರ್ಕಾರಿ ನೌಕರ ನಾನು. ಎದುರಿಗೆ ಹೆಡ್ಮಾಸ್ತರರು, ಅತಿಥಿಗಳು, ಅರ್ಧ ಊರು. ಮಗಳ ಕಣ್ಣು ತುಂಬಿತ್ತು. ಎದ್ದು ನಿಂತೆ. “ಕೂಊಊ!” ಎಂದು ಕೂಗಿದೆ. ವಸುಧಾ ಹೂವಿನಂತೆ ತಿರುಗಿದಳು, ಉಳಿದವರೂ ಹಿಂದೆಯೇ ತಿರುಗಿದರು. ಸಭೆ ಗೊಳ್ಳೆಂದಿತು. ಕೊನೆಗೆ ನಾನು “ಶ್!” ಎಂದಾಗ ಹುಡುಗಿಯರು ಗೊಂಬೆಗಳಂತೆ ನಿಂತರು, ಅತಿಥಿಗಳು ತಮಗೇ ಹೇಳಿದ್ದೆಂದುಕೊಂಡು ಮಾತು ನಿಲ್ಲಿಸಿದರು. ಬಹುಮಾನ ಬಂತು. ಒರಿಜಿನಲ್ ಕ್ಯಾಸೆಟ್ಟನ್ನು ಮನೆಯಲ್ಲಿ ಹಾಕಿದರೆ ವಸುಧಾ, “ತೆಗಿ ಅಪ್ಪಯ್ಯ, ಇದ್ರಲ್ಲಿ ಅಜ್ಜಿ ಇಲ್ಲ” ಎಂದಳು. ನನಗೂ ಅದು ಸಪ್ಪೆಯೆನಿಸಿತ್ತು, ಒಪ್ಪಿಕೊಳ್ಳಲಿಲ್ಲ, ಅಷ್ಟೆ.

ವಾರದ ಮೇಲೆ ಕೌಂಟರಿನಲ್ಲಿ ಮಂಜಪ್ಪನವರು ಪ್ರತ್ಯಕ್ಷರಾದರು. ಸುದ್ದಿಯೂ ಲಾಂಚ್ ಹತ್ತಿ ಬ್ಯಾಕೋಡಿಗೆ ಹೋಗಿತ್ತೆಂದು ತೋರುತ್ತದೆ. ಹಿಂದೆ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, ಬಹಳ ಗಂಭೀರವಾಗಿ ವಿಚಾರಿಸಿದರು: “ರಾಯ್ರೇ, ಮನೇಲಿ ಕುಕ್ಕರ್ ಇದ್ಯಂತಲ್ಲ. ಲೈಸೆನ್ಸ್ ಮಾಡ್ಸಿದ್ದೀರಾ?”

ನಾನು ತಲೆಯೆತ್ತದೆ ಸ್ಟಾಂಪು ಹರಿದು ಕೊಟ್ಟೆ. ಅಂದಿನಿಂದ ಯಾರ ಮನೆಯ ರೇಡಿಯೊ ವಿಷಯವನ್ನೂ ನಾನಾಗಿ ಕೇಳಲಿಲ್ಲ.