ಮಾಮನ ಬೆಳ್ಳಿ ರಾಣಿ, ಅತ್ತೆಯ ಸಕ್ಕರೆ ಗಿಳಿ

ನನ್ನ ಸೋದರಮಾವನಿಗೆ ಪರಸ್ತ್ರೀ ವ್ಯಾಮೋಹವಿತ್ತು. ಅದು ಅತ್ತೆಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ನೈರೋಬಿಯ ಹರ್ಲಿಂಗ್‌ಹ್ಯಾಮಿನ ನಮ್ಮ ಅಪಾರ್ಟ್‌ಮೆಂಟಿನ ಗೇಟು ಕಾಯುವವನಿಗೂ ಗೊತ್ತಿತ್ತು! ಗಾಬರಿಯಾಗಬೇಡಿ. ಆಕೆ ಆಸ್ಟ್ರಿಯಾ ದೇಶದ ರಾಣಿ, ತೀರಿಕೊಂಡು ಇನ್ನೂರು ವರ್ಷದ ಮೇಲಾಗಿದೆ. ಎರಡು ಮಡಿಕೆಯ ಗದ್ದ, ತುಂಬಿದ ಮೈ, ತಲೆಗೆ ಮುಸುಕು, ಭುಜದ ಮೇಲೆ ಮುತ್ತಿನ ಪದಕ. ವಾಸಸ್ಥಳ, ಹಳೇ ಕಾಲದ ಬೆಳ್ಳಿಯ ಡಾಲರು ನಾಣ್ಯ.

ಒಂದು ಕಾಲಕ್ಕೆ ಇಥಿಯೋಪಿಯಾದಿಂದ ಅರಬಸ್ತಾನದವರೆಗೆ ವ್ಯಾಪಾರಿಗಳು ಈ ರಾಣಿಯ ಮುಖ ನೋಡದೆ ಕಾಫಿಬೀಜ ಅಳೆದುಕೊಡುತ್ತಿರಲಿಲ್ಲವಂತೆ. ಹಾಗಾಗಿ ಆಕೆ ಸತ್ತಮೇಲೂ ಆ ಡಾಲರನ್ನು ಒತ್ತುತ್ತಲೇ ಹೋದರು. ವಿಯೆನ್ನಾದಲ್ಲಿ ಒತ್ತಿದರು, ಲಂಡನ್ನಿನಲ್ಲಿ ಒತ್ತಿದರು, ಕೊನೆಗೆ ನಮ್ಮ ಬಾಂಬೆಯಲ್ಲೂ ಒತ್ತಿದರು. ಎಲ್ಲಿ ಒತ್ತಿದರೂ ಇಸವಿ ಮಾತ್ರ 1780. ನಮ್ಮ ಅತ್ತೆಯ ವಯಸ್ಸಿನ ಹಾಗೆ, ಒಂದು ಕಡೆ ನಿಂತದ್ದು ನಿಂತೇಬಿಟ್ಟಿತು!

ಹಾಗಾದರೆ ಯಾವುದು ಎಲ್ಲಿಯದೆಂದು ತಿಳಿಯುವುದು ಹೇಗೆ? ಡೈ ನೋಡಬೇಕು ಎನ್ನುತ್ತಿದ್ದರು ಮಾಮ. ಡೈ ಎಂದರೆ ನಾಣ್ಯ ಒತ್ತುವ ಅಚ್ಚು. ಒಂದು ಅಚ್ಚಿನಲ್ಲಿ ಹಿಂಬದಿಯ ಹದ್ದಿನ ಬಾಲಕ್ಕೆ ಗರಿ ಹೆಚ್ಚು, ಇನ್ನೊಂದರಲ್ಲಿ ಪದಕದ ಮುತ್ತು ಸಣ್ಣದು. ಬರೀ ಬೆಳ್ಳಿಯ ಬೆಲೆಗೆ ಬಿದ್ದಿರುವ ರಾಶಿಯಲ್ಲಿ ಅಪರೂಪದ ಅಚ್ಚಿನದೊಂದು ಸಿಕ್ಕಿತೋ, ಲಾಟರಿ! ವಾರವಿಡೀ ಅಪ್ಪರ್ ಹಿಲ್ಲಿನ ಟೆಲಿಕಾಂ ಆಫೀಸಿನಲ್ಲಿ ಮೀಟಿಂಗಿಗೆ ಕೂತು ಆಕಳಿಸುತ್ತಿದ್ದ ಮನುಷ್ಯ, ಶನಿವಾರ ಬಂದರೆ ಮದುಮಗನ ಹಾಗೆ ಮೀಸೆ ಬಾಚಿಕೊಂಡು ಭೂತಗನ್ನಡಿ ಜೇಬಿಗಿಳಿಸಿ ಈಸ್ಟ್‌ಲೀ ಮಾರುಕಟ್ಟೆಗೆ ಹೊರಡುತ್ತಿದ್ದರು. ಅವರ ಮನೆಯಲ್ಲಿ ಬಾಡಿಗೆಯಿಲ್ಲದೆ ತಿಂದುಂಡು ಮಲಗುತ್ತಿದ್ದ ಪೇಯಿಂಗ್ ಗೆಸ್ಟ್ ನಾನು. ಬಾಡಿಗೆಯ ಬದಲು ಚೀಲ ಹಿಡಿಯುತ್ತಿದ್ದೆ.

ಮೊದಲ ಶನಿವಾರವೇ ಮಾನ ಹೋಯಿತು. ಜನಜಂಗುಳಿಯಲ್ಲಿ ಅವರು ಕಾಣದಾದಾಗ, "ಮಾಮಾ! ಎಲ್ಲಿದ್ದೀರಾ ಮಾಮಾ?" ಎಂದು ಕೂಗಿದೆ. ತರಕಾರಿ ಮಾರುವ ಹೆಂಗಸರೆಲ್ಲ ಒಟ್ಟಿಗೆ ತಿರುಗಿದರು. ಸ್ವಾಹಿಲಿಯಲ್ಲಿ ಮಾಮಾ ಎಂದರೆ ತಾಯಿ! ಅಷ್ಟರಲ್ಲಿ ಟೊಮೇಟೊ ರಾಶಿಯ ಹಿಂದಿನಿಂದ ಮಾಮ ಮೀಸೆಸಮೇತ ಪ್ರತ್ಯಕ್ಷರಾಗಿ, "ಬಂದೆ ಕಣೋ!" ಎಂದರು. ನಗುವಿನ ಸದ್ದಿಗೆ ರಸ್ತೆಯ ಮೇಲಿನ ಒಂದು ಮಟಾಟು ವ್ಯಾನೇ ನಿಂತಿತು. ಅಂದಿನಿಂದ ಮಾರುಕಟ್ಟೆಯಲ್ಲಿ ಅವರನ್ನು "ಸಾರ್" ಎನ್ನಬೇಕೆಂದು ಆಜ್ಞೆಯಾಯಿತು.

ನಾಣ್ಯದಂಗಡಿಯ ಸೊಮಾಲಿ ಮುದುಕನಿಗೆ ಮಾಮನನ್ನು ಕಂಡರೆ ಕನಿಕರ. ಒಂದೊಂದು ಡಾಲರನ್ನೂ ಅಂಚು ಹಿಡಿದೆತ್ತಿ, ಒಂದು ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದರೆ ಆತ, "ಯುಲೆ ಯುಲೆ, ಮ್ಜೀ!" ಎನ್ನುತ್ತಿದ್ದ. ಎಲ್ಲ ಅದೇ ಹೆಂಗಸೇ ಯಜಮಾನ್ರೇ, ಎಂದು.

"ಸೇಮ್ ಅಲ್ಲಯ್ಯಾ! ಲುಕ್ ಅಟ್ ದ ಬಾಲ!" ಎಂದು ಮಾಮ ಹದ್ದನ್ನು ಅವನ ಮೂಗಿಗೆ ಹಿಡಿಯುತ್ತಿದ್ದರು.

ನಾನೇನು ಕಡಿಮೆಯೇ? ಯಾರ ಧ್ವನಿಯನ್ನಾದರೂ ಒಂದು ಗಂಟೆಯಲ್ಲಿ ಕದಿಯುವವನು. ಮಟಾಟು ಕಂಡಕ್ಟರನ ರಾಗದಲ್ಲಿ ಆ ಮುದುಕನ ಹತ್ತಿರ ಚೌಕಾಸಿಗಿಳಿದೆ. ರಾಗ ಎಷ್ಟು ಚೆನ್ನಾಗಿತ್ತೆಂದರೆ ಆತ ನನ್ನನ್ನು ನೈರೋಬಿಯಲ್ಲೇ ಹುಟ್ಟಿದವನೆಂದು ತಿಳಿದು ಗಡಗಡನೆ ಏನೇನೋ ಹೇಳಿದ. ನನಗೆ ರಾಗ ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ! ಎಲ್ಲದಕ್ಕೂ "ಸವಾ, ಸವಾ" ಎಂದೆ, ಸರಿ ಸರಿ ಎಂದು. ಕೇಳಿದ್ದಕ್ಕಿಂತ ಹೆಚ್ಚು ಬೆಲೆಗೆ ಒಪ್ಪಿಕೊಂಡಿದ್ದೇನೆಂದು ಆಮೇಲೆ ಗೊತ್ತಾಯಿತು.

ಮನೆಗೆ ಬಂದರೂ ಭೂತಗನ್ನಡಿ ಒಳಗೆ ಹೋಗುತ್ತಿರಲಿಲ್ಲ. ದೋಸೆ ನೋಡಿ, "ಇದು ನಿನ್ನೆಯ ಕಾವಲಿಯದ್ದಲ್ಲ" ಎನ್ನುತ್ತಿದ್ದರು. ನನಗೊಂದು ಹೆಣ್ಣಿನ ಫೋಟೋ ಬಂದಾಗಲೂ ಅದನ್ನೇ ಹಿಡಿದು ಬಹಳ ಹೊತ್ತು ನೋಡಿದರು.

"ಏನು ಮಾಮ, ಹೇಗಿದ್ದಾಳೆ?"

"ಹುಡುಗಿ ಒರಿಜಿನಲ್ ಕಣೋ. ನೀನೇ ನಕಲು."

ಅತ್ತೆಗೆ ಇದೆಲ್ಲ ತಲೆನೋವು. "ಆ ಡುಮ್ಮಿ ರಾಣಿ ಮೈಮೇಲೆ ಮುತ್ತೆಷ್ಟಿದೆ ಅಂತ ಹೇಳ್ತಾರೆ. ನಾನು ಓಲೆ ಬದಲಾಯಿಸಿ ತಿಂಗಳಾಯ್ತು, ಕಣ್ಣಿಗೆ ಬಿದ್ದಿದ್ಯಾ ಕೇಳು!" ಎಂದು ನನ್ನ ಹತ್ತಿರ ದೂರುತ್ತಿದ್ದರು. ನಾನು ಮಾಮನ ಹಾಗೆ ಒಂದು ಕಣ್ಣು ಮುಚ್ಚಿ ಅವರ ಓಲೆ ಪರೀಕ್ಷಿಸಿದರೆ, ಸೌಟು ಎತ್ತಿಕೊಂಡು ಬರುತ್ತಿದ್ದರು.

ಇಂಥ ಅತ್ತೆ ಒಂದು ಸಂಕ್ರಾಂತಿಗೆ ಮಂಕಾಗಿಬಿಟ್ಟರು. ಅವರ ತಾಯಿ ಮೈಸೂರಿನಿಂದ ಕೊಟ್ಟು ಕಳಿಸಿದ್ದ ಸಕ್ಕರೆ ಅಚ್ಚಿನ ಮರದ ಮಣೆಯೊಂದಿತ್ತು, ಗಿಳಿಯದು. ತಾಯಿ ಈಗಿಲ್ಲ, ಅವರ ಕಡೆಯಿಂದ ಉಳಿದದ್ದೆಂದರೆ ಅದೊಂದೇ. ಹಿಂದಿನ ಹಬ್ಬಕ್ಕೆ ಯಾರೋ ಕೇಳಿದರೆಂದು ಕೊಟ್ಟಿದ್ದರು. ಅವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ಒಯ್ದರು. ನಮ್ಮ ಕನ್ನಡದ ಮನೆಗಳಲ್ಲಿ ಅರ್ಧಕ್ಕರ್ಧ ಕಂಪನಿಯವರು ಕಳಿಸಿದವರು, ಕರೆದಾಗ ಪೆಟ್ಟಿಗೆ ಕಟ್ಟುವವರು. ಮಣೆ ಯಾರ ಕೈಯಲ್ಲಿ ಉಳಿಯಿತೋ ಗೊತ್ತಾಗಲಿಲ್ಲ.

"ವಾಟ್ಸಾಪ್ ಗ್ರೂಪಿನಲ್ಲಿ ಕೇಳಿಬಿಡಿ ಅತ್ತೆ," ಎಂದೆ.

"ಕೇಳಿದ್ರೆ ಕಳ್ಳತನ ಹೊರಿಸಿದ ಹಾಗಾಗುತ್ತೆ ಕಣೋ. ಬೇಡ."

ಆ ವರ್ಷ ಅವರು ಎಳ್ಳಿನ ಜೊತೆ ಸೂಪರ್‌ಮಾರ್ಕೆಟ್ಟಿನ ಸಕ್ಕರೆ ಗಟ್ಟಿಗಳನ್ನು ಹಂಚಿದರು. ಒಬ್ಬರೂ ಏನೂ ಅನ್ನಲಿಲ್ಲ. ಅತ್ತೆ ಮಾತ್ರ ಪ್ರತಿ ಮನೆಯಿಂದ ತಲೆ ತಗ್ಗಿಸಿಕೊಂಡೇ ಬಂದರು.

ಮಾಮ ಮನೆಮನೆಯಿಂದ ಬಂದ ಎಳ್ಳಿನ ಪೊಟ್ಟಣಗಳನ್ನೆಲ್ಲ ಊಟದ ಮೇಜಿನ ಮೇಲೆ ಸುರಿದು, ಸಕ್ಕರೆಯ ಆನೆ, ನವಿಲು, ತೇರು, ಗಿಳಿಗಳನ್ನು ಸಾಲಾಗಿ ಮಲಗಿಸಿ, ಭೂತಗನ್ನಡಿ ತೆಗೆದರು.

"ಡ್ಯಾಡ್, ಇಟ್ಸ್ ಜಸ್ಟ್ ಶುಗರ್!" ಎಂದಳು ಮಗಳು, ಒಂದು ಆನೆಯ ಸೊಂಡಿಲು ಕಚ್ಚುತ್ತ.

"ಎವಿಡೆನ್ಸ್ ತಿನ್ಬೇಡ್ವೇ!" ಎಂದು ಮಾಮ ಅರಚಿದರು.

ಒಂದು ಗಿಳಿಯ ಮೇಲೆ ಅವರ ಕೈ ನಿಂತಿತು. "ಬಾರೋ ಇಲ್ಲಿ. ಕತ್ತಿನ ಹತ್ರ ಬೆರಳಾಡಿಸು. ಏನಿದೆ?"

"ಗೀರು ಬಿದ್ದಿದೆ."

"ಗೀರಾದ್ರೆ ಹಳ್ಳ ಇರ್ಬೇಕು ಕಣೋ ಪೆದ್ದ. ಇದು ಉಬ್ಬಿದೆ. ಅಚ್ಚು ಸೀಳಿದ್ರೆ ಪಾಕ ಆ ಸೀಳಿನೊಳಗೆ ಇಳಿಯುತ್ತೆ, ಗೆರೆ ಉಬ್ಬಿಕೊಂಡು ಬರುತ್ತೆ. ಡಾಲರಿಗೂ ಅದೇ, ಗಿಳಿಗೂ ಅದೇ. ಇದು ನಿಮ್ಮತ್ತೆ ಗಿಳಿ!"

ಅತ್ತೆ ಅಡುಗೆಮನೆಯಿಂದಲೇ, "ಎಲ್ಲಾ ಗಿಳಿನೂ ಒಂದೇ ಥರ ಇರುತ್ತೆ, ಸುಮ್ನಿರಿ!" ಎಂದರು. ಆ ಪೊಟ್ಟಣ ಬಂದದ್ದು ಎಲ್ಲಿಂದ ಗೊತ್ತೇ? ಸಾಹುಕಾರರ ಬಡಾವಣೆ ರುಂಡಾದಿಂದ. ಮಾಮನ ಬಾಸಿನ ಮನೆಯಿಂದ!

ಹೋದೆವು. ಗೇಟಿನಲ್ಲಿದ್ದ ಕಾವಲಿನವನು ಏನು ಕೆಲಸವೆಂದು ಕೇಳಿದ. ಮಾಮ ಸುಳ್ಳು ಹೇಳದ ಮನುಷ್ಯ. ಗಿಳಿಗೆ ಸ್ವಾಹಿಲಿಯಲ್ಲಿ ಏನೆನ್ನುತ್ತಾರೆಂದು ನೆನಪಿಸಿಕೊಂಡು, "ಕಸುಕು," ಎಂದರು. ಆತ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಹಾಕುನಾ ಕಸುಕು ಹಾಪಾ, ಮ್ಜೀ," ಎಂದ. ಇಲ್ಲಿ ಗಿಳಿಯಿಲ್ಲ ಯಜಮಾನ್ರೇ! ನಾನು ಮಾಮನ ಬಾಸಿನ ಧ್ವನಿ ಹೊರಡಿಸಿ ಗದರಲು ಬಾಯಿ ತೆರೆದೆ. ಮಾಮ ನನ್ನ ಕಾಲು ತುಳಿದರು. ಅಷ್ಟರಲ್ಲಿ ಮೇಡಂ ಅವರೇ ಹೊರಗೆ ಬಂದು ಒಳಗೆ ಕರೆದರು.

ಸೋಫಾದ ತುದಿಯಲ್ಲಿ ಕೂತ ಮಾಮ, ಬಾಸಿನ ಹೆಂಡತಿಯೆಂಬ ಭಯಕ್ಕೆ ಗಿಳಿಯನ್ನು ಜೇಬಿನಿಂದ ತೆಗೆಯುವುದನ್ನೇ ಮರೆತು, ನೇರವಾಗಿ ವಿಷಯಕ್ಕಿಳಿದರು. "ಮೇಡಂ, ತಪ್ಪು ತಿಳೀಬೇಡಿ. ನಿಮ್ಮ ಡೈ ನೋಡಿದ ತಕ್ಷಣ ಗೊತ್ತಾಗಿಹೋಯ್ತು. ತುಂಬಾ ಹಳೇದು. ಬುಡದಲ್ಲಿ ಬಿಳೀ ಗೆರೆ ಎದ್ದು ಕಾಣ್ತಿದೆ."

ಮೇಡಂ ಅವರ ಕೈ ಥಟ್ಟನೆ ಬೈತಲೆಗೆ ಹೋಯಿತು. "ಏನ್ರೀ ಮಾತಾಡ್ತಿದ್ದೀರಾ? ಹಬ್ಬಕ್ಕೆ ಅಂತ ಮೊನ್ನೆ ತಾನೆ ಹಾಕಿಸ್ಕೊಂಡಿದ್ದು!"

"ಕೂದಲಲ್ಲ ಮೇಡಂ, ಕತ್ತು! ಕತ್ತಿನ ಗೆರೆ!" ಎಂದು ನಾನು ಸಹಾಯಕ್ಕೆ ಧಾವಿಸಿದೆ. ಅವರ ಕೈ ಈಗ ಕತ್ತಿಗೆ ಬಂತು. ಮಾಮನ ಕೆಲಸ ಹೋಯಿತು, ನನ್ನ ಊಟ ಹೋಯಿತು ಎಂದುಕೊಂಡೆ. ಕಡೆಗೆ ಜೇಬಿನಿಂದ ಗಿಳಿ ಹೊರಬಂತು, ಕಥೆಯೂ ಹೊರಬಂತು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ, ನಿಮ್ಮನೆಯವರದಾ ಅದು? ಚೆನ್ನೈಗೆ ಟ್ರಾನ್ಸ್‌ಫರ್ ಆದೋರು ಪಾತ್ರೆ ಜೊತೆ ಬಿಟ್ಟುಹೋಗಿದ್ರು. ಯಾರದಪ್ಪಾ ಅಂತ ನಾನೂ ಯೋಚಿಸ್ತಿದ್ದೆ," ಎಂದು ಮಣೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ಜೊತೆಗೊಂದು ಡಬ್ಬಿ ಕೋಡುಬಳೆ.

ಮನೆಗೆ ಬಂದು ಮಾಮ ಮಣೆಯನ್ನು ಅಡುಗೆಕಟ್ಟೆಯ ಮೇಲಿಟ್ಟರು. ಅತ್ತೆ ಅದನ್ನು ಮುಟ್ಟಿ, ತಿರುಗಿಸಿ, ಸೆರಗಿನಿಂದ ಒರೆಸಿದರು. ಆಮೇಲೆ ಮೆಲ್ಲಗೆ ಕೇಳಿದರು. "ನನ್ನದೇ ಅಂತ ಹೇಗೆ ಗೊತ್ತಾಯ್ತು ನಿಮಗೆ? ಸೀಳಿದ್ದು ನನಗೇ ಗೊತ್ತಿಲ್ಲ."

ಮಾಮ ಕೋಡುಬಳೆ ಮುರಿಯುತ್ತ, ಆಫೀಸಿನ ವರದಿ ಒಪ್ಪಿಸುವ ಹಾಗೆ ಹೇಳಿದರು. "ಪ್ರತಿ ಸಂಕ್ರಾಂತಿಗೂ ಮೊದಲ ಗಿಳಿ ನನಗೇ ಕೊಡ್ತಿದ್ದೆಯಲ್ಲ, ನೋಡ್ತಿದ್ದೆ. ಮದುವೆ ಆದ ವರ್ಷ ಕತ್ತಿನ ಹತ್ರ ಕೂದಲೆಳೆಯಷ್ಟಿತ್ತು. ಮಗಳು ಹುಟ್ಟಿದ ವರ್ಷ ರೆಕ್ಕೆ ಮುಟ್ತು. ನಿಮ್ಮಮ್ಮ ಹೋದ ವರ್ಷ ನೀನು ಮಣೆ ನೆನೆಸೋದು ಮರೆತು ಬಿಸಿ ಪಾಕ ಹುಯ್ದೆ. ಆಗ ಬಾಲದ ತನಕ ಸೀಳ್ತು. ನಿನಗೆ ಹೇಳ್ಬೇಕು ಅನ್ನಿಸ್ಲಿಲ್ಲ."

ಈಗ ಮಾಮ, ಅತ್ತೆ ಮೈಸೂರಿಗೆ ವಾಪಸ್ಸಾಗಿ, ಹರ್ಲಿಂಗ್‌ಹ್ಯಾಮಿನ ಆ ಮನೆಗೆ ಬೇರೆ ಯಾರೋ ಬಂದಿದ್ದಾರೆ. ಅದರ ಕೆಳಗೆ ಹಾದುಹೋಗುವಾಗಲೆಲ್ಲ ನಾನು ಕತ್ತೆತ್ತಿ ನೋಡುವುದು ಆ ಅಡುಗೆಮನೆಯ ಕಿಟಕಿಯನ್ನೇ. ಮಣೆ ಮರಳಿ ಬಂದ ಆ ದಿನ ಹಬ್ಬ ಮುಗಿದು, ಎಳ್ಳೆಲ್ಲ ಹಂಚಿ, ಬಾಗಿಲ ತೋರಣವೂ ಒಣಗಿತ್ತು. ಆದರೂ ಅತ್ತೆ ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಮಣೆಯನ್ನು ನೆನೆಹಾಕಿದರು, ಒಲೆ ಹೊತ್ತಿಸಿ ಸಕ್ಕರೆ ಡಬ್ಬಿಯನ್ನು ಕೆಳಗಿಳಿಸಿದರು.