ಹುಳಿಗೆ ಬಿಚ್ಚಿಕೊಳ್ಳುವ ಕೊಬ್ಬು

ಕೊಬ್ಬಿನ ಹನಿಯಲ್ಲಿ ಔಷಧ ಕಳಿಸುತ್ತಾರೆ ಎಂದು ನಾನು ಬಾಯಿಬಿಟ್ಟಲ್ಲೆಲ್ಲ ಜನ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಶಿರಸಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನಾನು, ರಜೆಯಲ್ಲಿ ಊರೂರಿಗೆ ಹೋಗಿ ಹೊಸ ಬಗೆಯ ಲಸಿಕೆಯ ವಿಷಯ ಹೇಳುತ್ತೇನೆ. ಕಣ್ಣಿಗೆ ಕಾಣದ ಕೊಬ್ಬಿನ ಹನಿ, ಅದರೊಳಗೆ ಜೀವಕೋಶಕ್ಕೊಂದು ಆದೇಶ. ಕೋಶ ಅದನ್ನು ಚೀಲ ಮಾಡಿ ನುಂಗುತ್ತದೆ, ಚೀಲ ಹುಳಿಯಾಗುತ್ತದೆ, ಹುಳಿ ತಾಗಿದ್ದೇ ಹನಿ ಬಿಚ್ಚಿ ಆದೇಶ ಹೊರಬೀಳುತ್ತದೆ. ಇಷ್ಟೇ.

ಪ್ರಿನ್ಸಿಪಾಲರಿಗೂ ಅನುಮಾನ. "ಒಂದೇ ಒಂದು ದೂರು ಬರಲಿ, ನಿಮ್ಮ ತಿರುಗಾಟ ಬಂದ್" ಎಂದಿದ್ದರು. ನನಗೋ ತರಗತಿಗಿಂತ ಈ ತಿರುಗಾಟವೇ ಪ್ರೀತಿ.

ಉಮ್ಮಚಗಿ

ಮುಂದೆ ಕೂತಿದ್ದ ಹೆಗಡೇರು ಕೇಳಿದರು, "ಯಾವುದರ ಕೊಬ್ಬು?"

"ಯಾವ ಪ್ರಾಣಿಯದ್ದೂ ಅಲ್ಲ, ಕಾರ್ಖಾನೆಯಲ್ಲಿ ಮಾಡಿದ್ದು" ಎಂದೆ, ಗೆದ್ದೆ ಅಂದುಕೊಂಡು.

"ಕಾರ್ಖಾನೆ ತುಪ್ಪ ದೇವರ ದೀಪಕ್ಕೇ ಆಗ್ತಿಲ್ಲೆ, ಮೈಯೊಳಗೆ ಆಗ್ತಾ?"

ಯಲ್ಲಾಪುರ

ಲಾರಿ ಚಾಲಕರ ಸಭೆ. ಹನಿಯೆಂದರೆ ಗಾಡಿ, ಆದೇಶವೆಂದರೆ ಲೋಡು ಎಂದು ವಿವರಿಸಿದೆ. ಹಿರಿಯ ಚಾಲಕರೊಬ್ಬರು ಎದ್ದರು.

"ಲೋಡ್ ಇಳಿಸಿದ ಮೇಲೆ ಗಾಡಿ ವಾಪಸ್ ಬರುತ್ತಾ ಮೇಡಂ?"

"ಇಲ್ಲ, ಅಲ್ಲೇ ಕರಗಿ ಹೋಗುತ್ತೆ."

ಅವರು ನನ್ನನ್ನೇ ದುರುಗುಟ್ಟಿ ನೋಡಿದರು. "ಇದನ್ನ ಡ್ರೈವರ್‌ಗೆ ಮೊದಲೇ ಹೇಳಿರ್ತೀರಾ?"

ನಿಲ್ಕುಂದ

ಇಲ್ಲಿಗೆ ಪ್ರಿನ್ಸಿಪಾಲರೇ ಜೊತೆಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಮಾತು ಮುಗಿಯುವುದರೊಳಗೆ ಅಜ್ಜಿಯೊಬ್ಬರು ಕೈ ಎತ್ತಿದರು.

"ಕೂಸೆ, ಮುರುಗಲು ಹಣ್ಣು ಎಷ್ಟು ಹುಳಿ! ಅದರ ಬೀಜದಲ್ಲೇ ತುಪ್ಪ ಇದ್ದು. ಅದು ಎಂತಕ್ಕೆ ಬಿಚ್ಚಿಕೊಳ್ತಿಲ್ಲೆ? ನೀ ಸುಳ್ಳು ಹೇಳ್ತೆ."

ಅದು ಸಾದಾ ಕೊಬ್ಬು, ಇದು ಹುಳಿ ತಾಗಿದರೆ ವಿದ್ಯುದಂಶ ಪಡೆಯುವಂತೆ ಮಾಡಿದ ಕೊಬ್ಬು ಎಂದು ತಡವರಿಸಿದೆ. ಅಜ್ಜಿ ಒಪ್ಪಲಿಲ್ಲ.

"ಆ ವಿದ್ಯುತ್ತು ಎಲ್ಲಿಂದ ಬತ್ತು, ಅದು ಹೇಳಿದ್ದಿಲ್ಲೆ. ದೂರು ಕೊಡವು."

ನನ್ನ ತಿರುಗಾಟ ಮುಗಿಯಿತು ಎಂದು ಅಳುವೇ ಬಂತು. ಪ್ರಿನ್ಸಿಪಾಲರು ಕಣ್ಣುಜ್ಜಿಕೊಂಡು ಖುಷಿಯಿಂದ ಪೆನ್ನು ತೆಗೆದರು. "ಹೇಳಿ ಅಜ್ಜಿ, ಬರ್ಕೊಳ್ತೇನೆ."

"ಬರ್ಕ. ಈ ಕೂಸು ಅರ್ಧ ಹೇಳಿ ಬಿಟ್ಟಿದ್ದು. ಉಳಿದದ್ದು ಹೇಳಲೆ ಮುಂದಿನ ವಾರ ಮತ್ತೆ ಕಳ್ಸವು. ನೀ ಮಾತ್ರ ಬಪ್ಪದು ಬ್ಯಾಡ ತಮಾ, ನಿನ್ನ ಗೊರಕೇಲಿ ಎಂತದೂ ಕೇಳಿದ್ದಿಲ್ಲೆ!"