ಹಿಮ ತಿಂದ ಬೆರಳು, ಹೆಸರು ಸಕ್ಕರೆಗೆ

ನನ್ನ ಬಲಗಾಲು ನೋಡಿ ಬಾಯಿ ಮುಚ್ಚಿಕೊಂಡು ಹೋದವರನ್ನು ನಾನಿನ್ನೂ ಕಂಡಿಲ್ಲ. ಸೈನ್ಯದಲ್ಲಿದ್ದಾಗ ಉತ್ತರದ ಗಡಿಯ ಹಿಮ ಆ ಕಾಲಿನ ಎರಡು ಬೆರಳು ತಿಂದಿತು. ಪಿಂಚಣಿ ಪಡೆದು ನಮ್ಮೂರು ಕಿರುಗಾವಲಿಗೆ ಬಂದು ಕೂತ ಮೇಲೆ ತಿಳಿಯಿತು, ಮಂಡ್ಯ ಸೀಮೆಯಲ್ಲಿ ಕಾಲ್ಬೆರಳು ಹೋಗುವುದಕ್ಕೆ ಒಂದೇ ಕಾರಣ: ಸಕ್ಕರೆ ಕಾಯಿಲೆ. ಬೇರೆ ಕಾರಣ ಹೇಳುವವನು ಸುಳ್ಳ. ನಗಾಡಿಕೊಂಡು ಬಿಟ್ಟುಬಿಡಬಹುದಿತ್ತು. ಆದರೆ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು, ಅಪ್ಪನ ಕಾಯಿಲೆ ಅಂದರೆ ಮನೆತನದ ಕಾಯಿಲೆ ಅನ್ನುವ ಜನ ನಮ್ಮವರು.

ನೋಡಿ ಬಂದವರು

ಪಕ್ಕದ ಮನೆ ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಮನಾಲಿ ಟೂರಿಗೆ ಹೋಗಿ ಬಂದರು. ಬಂದವರೇ ನಮ್ಮ ಜಗಲಿ ಹತ್ತಿ ಫೋನು ತೆಗೆದರು. ಬಾಡಿಗೆ ಕೋಟು ತೊಟ್ಟು ಒಬ್ಬರ ಮೇಲೊಬ್ಬರು ಹಿಮದ ಉಂಡೆ ಎಸೆಯುತ್ತಿರುವ ಫೋಟೊಗಳು.

“ಹಿಮ ಅಂದ್ರೆ ಏನು ಗೊತ್ತಾ ನಿಮಗೆ? ಕೈಯಲ್ಲಿ ಹಿಡಿದರೆ ಹತ್ತಿ ಇದ್ದಂಗೆ!” ಅಂತ ನನಗೇ ಪಾಠ ಶುರು ಮಾಡಿದರು.

“ಮೇಷ್ಟ್ರೇ, ನಾನು ಅದರೊಳಗೇ ಮಲಗಿ ಎದ್ದವನು. ಅಲ್ಲೂ ಸುಖ ಇತ್ತು,” ಎಂದೆ. “ಹೊತ್ತೇರಿದ ಮೇಲೆ ಬೆಟ್ಟದ ಹಿಂದಿನಿಂದ ಬಿಸಿಲು ಬರೋದು. ಎಲ್ಲರೂ ಮಾತು ನಿಲ್ಲಿಸಿ ಬೆನ್ನು ಕೊಟ್ಟು ನಿಲ್ತಿದ್ದೆವು. ಸ್ಟೌ ಮೇಲೆ ಒಣಗಿಸಿದ ಕಾಲುಚೀಲ ಬಿಸಿಬಿಸಿಯಾಗಿ ಏರಿಸಿಕೊಂಡರೆ, ಅದೇ ಸ್ವರ್ಗ.”

ಮೇಷ್ಟ್ರು ದಡ್ಡ ಹುಡುಗನನ್ನು ನೋಡುವ ಹಾಗೆ ಕನಿಕರದಿಂದ ನೋಡಿದರು.

“ಬಿಸಿಲು, ಕಾಲುಚೀಲ ಎರಡೂ ಮಳವಳ್ಳಿಲೇ ಸಿಗ್ತಾವಲ್ಲ! ಒಂದ್ಸಲ ದುಡ್ಡು ಕೊಟ್ಟು ಹೋಗಿ ನೋಡಿ. ಬಿಟ್ಟಿ ಹೋದವರಿಗೆ ಹಿಮ ಎಲ್ಲಿ ಕಾಣುತ್ತೆ?”

ನಮ್ಮೂರ ಚಳಿ

ಧನುರ್ಮಾಸದ ಬೆಳಗ್ಗೆ ಟೀ ಅಂಗಡಿ ಮುಂದೆ ಕಬ್ಬಿನ ತರಗಿಗೆ ಬೆಂಕಿ ಹಾಕಿ ಊರವರು ಸುತ್ತ ಕೂತಿರುತ್ತಾರೆ. ಮಂಕಿ ಕ್ಯಾಪು, ಅದರ ಮೇಲೆ ಟವಲು, ಅದರ ಮೇಲೆ ಕಂಬಳಿ. ಮನುಷ್ಯ ಯಾರೆಂದು ತಿಳಿಯಬೇಕಾದರೆ ಅವನು ಬೀಡಿ ಕೇಳಬೇಕು. ಅಲ್ಲಿಗೆ ನಾನು ಅರ್ಧ ತೋಳಿನ ಅಂಗಿಯಲ್ಲಿ ಹೋಗಿ ನಿಂತೆ.

“ಸಳಿ ಆಗಾಕಿಲ್ವಾ ಮಿಲ್ಟ್ರಿ?” ಅಂತ ಕಂಬಳಿಯೊಂದು ಕೇಳಿತು.

“ಇದೂ ಒಂದು ಚಳಿಯಾ? ಅಲ್ಲಿ ಉಸಿರು ಬಿಟ್ಟರೆ ಮೀಸೆ ಮೇಲೆ ಹೆಪ್ಪುಗಟ್ಟೋದು,” ಎಂದು ಎದೆ ಉಬ್ಬಿಸಿದೆ.

ಅವನು ನನ್ನ ಮೀಸೆ ನೋಡಲಿಲ್ಲ, ಕಾಲು ನೋಡಿದ. ಆಮೇಲೆ ಪಕ್ಕದವನನ್ನು ತಿವಿದು ಹೇಳಿದ:

“ಸುಗರ್ ಏರುದ್ರೆ ಇಂಗೇ ಕಣ್ಲಾ. ಮೈಗೆ ಸಳಿ ಬಿಸಿ ಒಂದೂ ಗೊತ್ತಾಗಾಕಿಲ್ಲ. ಪಾಪ, ಬುಡು.”

ಶಭಾಷ್

ಗಂಡಿನ ಕಡೆಯವರು ಬರುವ ಮೊದಲೇ ಊರ ಬಾಯಿ ಮುಚ್ಚಿಸಬೇಕೆಂದು ಹೆಂಡತಿ ಹಟ ಹಿಡಿದಳು. ಮಂಡ್ಯಕ್ಕೆ ಹೋಗಿ ರಕ್ತ ಕೊಟ್ಟೆ. ಊಟಕ್ಕೆ ಮೊದಲೊಂದು ಸಲ, ಊಟ ಆದ ಮೇಲೊಂದು ಸಲ. ಸಕ್ಕರೆ ಎಳ್ಳಷ್ಟೂ ಹೆಚ್ಚಿರಲಿಲ್ಲ. ಗೆದ್ದೆ ಅಂದುಕೊಂಡು ಡಾಕ್ಟರ ಮುಂದೆ ರಿಪೋರ್ಟು ಇಟ್ಟೆ. ಅವರು ರಿಪೋರ್ಟು ನೋಡಿದರು, ಮೇಜಿನ ಕೆಳಗೆ ಬಗ್ಗಿ ನನ್ನ ಕಾಲು ನೋಡಿದರು, ಎದ್ದು ಬಂದು ಬೆನ್ನು ತಟ್ಟಿದರು.

“ಶಭಾಷ್! ಬೆರಳು ಹೋದ ಮೇಲಾದರೂ ಬುದ್ಧಿ ಬಂತಲ್ಲ. ಇದೇ ಕಂಟ್ರೋಲಿನಲ್ಲಿ ಇಟ್ಟುಕೊಳ್ಳಿ.”

ನಿಡಘಟ್ಟದವರು

ಮೊದಲ ಸಂಬಂಧ ನಿಡಘಟ್ಟದ್ದು. ಹುಡುಗ ಮಗಳಿಗೆ ಹಿಡಿಸಿದ್ದ. ಹೆಂಡತಿ ನನಗೆ ಕಾಲುಚೀಲ ಹಾಕಿಸಿ ಕೂರಿಸಿದಳು. ಚಪ್ಪಲಿಯನ್ನೇ ಹೊರಗೆ ಬಿಟ್ಟು ಬರುವ ಮನೆಯಲ್ಲಿ ಕಾಲುಚೀಲ ಹಾಕಿದವನ ಮೇಲೆ ಯಾರ ಕಣ್ಣು ಬೀಳುವುದಿಲ್ಲ? ಹುಡುಗನ ಸೋದರತ್ತೆ ಕೇಳಿಯೇಬಿಟ್ಟರು.

“ಮನೆ ಒಳ್ಗೂ ಕಾಲ್ಚೀಲನಾ? ಸುಗರ್ರಾ ಅಣ್ಣ?”

ಕಾಲುಚೀಲ ಕಿತ್ತು, ಹಿಮದ ಕತೆಯನ್ನೆಲ್ಲ ಹೇಳಿದೆ. ಆಯಮ್ಮ ಪೂರ್ತಿ ಕೇಳಿ, “ನಮ್ಮೂರಲ್ಲೂ ಮಿಲ್ಟ್ರಿಯೋರು ಅವ್ರೆ ಕಣಣ್ಣ. ಎಲ್ರಿಗೂ ಬೆರಳು ನೆಟ್ಟಗವೆ,” ಅಂದರು.

ಮಾರನೆಯ ದಿನ ಮಧ್ಯಸ್ಥರ ಕೈಲಿ ಹೇಳಿಕಳಿಸಿದರು: ಸುಗರ್ ಇದ್ದರೆ ಇರಲಿ, ಮುಚ್ಚಿಟ್ಟು ಕತೆ ಕಟ್ಟುವ ಮನೆ ಬೇಡ. ಮಗಳು ನನ್ನ ತಟ್ಟೆಗೆ ಮುದ್ದೆ ಇಟ್ಟು ಒಳಗೆ ಹೋದಳು. ಇಂಥ ಜನಕ್ಕಾಗಿಯೇ ಗಡಿಯಲ್ಲಿ ನಿಂತು ಬೆರಳು ಕೊಟ್ಟೆನಲ್ಲ ಅಂತ ತಟ್ಟೆ ದೂಡಿದೆ. ಮಧ್ಯಸ್ಥರು ನನ್ನ ಸಮಾಧಾನಕ್ಕೆ ಹೇಳಿದರು:

“ನೀವು ಕಾಲು ಮಡಿಚ್ಕಂಡು ಕೂತಿದ್ರೆ ಮದ್ವೆ ಆಗೋಗದು ಬುಡಿ.”

ಬ್ಲಫಿನವರು

ಎರಡನೆಯ ಸಂಬಂಧ ಜಲಪಾತದ ಪಕ್ಕದ ಬ್ಲಫ್ ಅನ್ನುವ ಊರಿನದು. ಹುಡುಗನ ಅಪ್ಪ ಅಲ್ಲಿಯ ಪವರ್‌ಹೌಸಿನಲ್ಲಿ ದುಡಿದು ನಿವೃತ್ತರಾದವರು. ಕುಂಟುತ್ತ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಅವರ ಎಡಗಾಲಿನಲ್ಲೂ ಬೆರಳಿಲ್ಲ! ನನ್ನ ಕಾಲು ಕಂಡದ್ದೇ ಅವರ ಮುಖ ಅರಳಿತು.

“ಸುಗರ್ ತಾನೇ?”

ಹಿಮ ಅನ್ನಲು ಬಾಯಿ ತೆರೆದೆ. ಕಾಫಿ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡೆ. ಹೆಂಡತಿ ನನಗಿಂತ ಚುರುಕು. “ಊಂ ಕಣಣ್ಣ, ಸುಗರೇ,” ಅಂದಳು.

“ನನ್ನ ಕಾಲ್ ನೋಡಿ ಎಲ್ರೂ ಎಣ್ಣು ಕೊಡಾಕಿಲ್ಲ ಅಂತ ಎದ್ದೋದ್ರು. ನೀವು ನಮ್ಮೋರು!” ಎಂದು ಅವರು ನನ್ನ ಕೈ ಹಿಡಿದುಕೊಂಡರು. ಮಾತು ಅಲ್ಲೇ ಮುಗಿಯಿತು. ಮಗಳ ಮುಖದಲ್ಲಿ ನಗು ಕಂಡೆ. ಅಷ್ಟರಲ್ಲಿ ನನ್ನ ಕೈಲಿದ್ದ ಕಾಫಿಯನ್ನು ಹೆಂಡತಿ ಕಸಿದುಕೊಂಡು, ಸಕ್ಕರೆ ಇಲ್ಲದ್ದನ್ನು ಕೊಟ್ಟಳು. ಮದುವೆಯವರೆಗೂ ಬೀಗರು ವಾರವಾರ ಹಾಗಲಕಾಯಿ ಕಳಿಸಿದರು. ಅದರ ರಸವನ್ನೂ ಕುಡಿದೆ.

ಮದುವೆ ಮದ್ದೂರಿನ ಛತ್ರದಲ್ಲಿ ಆಯಿತು. ಊಟಕ್ಕೆ ಬೀಗರನ್ನೂ ನನ್ನನ್ನೂ ಜೊತೆಗೆ ಕೂರಿಸಿ, ಒಬ್ಬಟ್ಟಿನ ತಟ್ಟೆಯನ್ನು ನಮ್ಮ ಎಲೆ ದಾಟಿಸಿಕೊಂಡು ಹೋದರು. ಧಾರೆ ಎರೆದುಕೊಟ್ಟ ಅಪ್ಪನಿಗೆ ಒಂದು ಒಬ್ಬಟ್ಟಿಲ್ಲ! ತಡೆಯಲಾಗದೆ, ಪಂಕ್ತಿ ಎದ್ದ ಮೇಲೆ ಛತ್ರದ ಹಿಂದಿನ ಉಗ್ರಾಣಕ್ಕೆ ನುಸುಳಿ ಒಂದು ಒಬ್ಬಟ್ಟು ಎತ್ತಿಕೊಂಡೆ. ಮೂಟೆಗಳ ಹಿಂದೆ ಯಾರೋ ಅಗಿಯುವ ಸದ್ದು. ಬಗ್ಗಿ ನೋಡಿದರೆ ನಮ್ಮ ಬೀಗರು, ಎರಡು ಕೈಲೂ ಒಬ್ಬಟ್ಟು.

“ಬೀಗರೇ! ನಿಮಗೆ ಸುಗರು!” ಎಂದೆ ಗಾಬರಿಯಿಂದ.

“ಎಂಥ ಸುಗರು? ಪವರ್‌ಹೌಸಲ್ಲಿ ಕಾಲ ಮೇಲೆ ಕಬ್ಬಿಣ ಬಿದ್ದು ಓದ ಬೆರಳು ಕಣ್ರೀ. ಯೋಳುದ್ರೆ ಯಾರ್ ನಂಬುದ್ರು? ನೀವಾರ ನಂಬಿ,” ಎಂದರು. ಕಣ್ಣಲ್ಲಿ ನೀರಿತ್ತು.

ನನಗೂ ಕಣ್ಣು ತುಂಬಿತು. ಪ್ರಪಂಚದಲ್ಲಿ ಒಬ್ಬನಾದರೂ ಸಿಕ್ಕಿದನಲ್ಲ! “ನಂಬಿದೆ ಬೀಗರೇ. ನನ್ನದೂ ಸುಗರಲ್ಲ. ಗಡಿಯಲ್ಲಿ ಹಿಮಕ್ಕೆ ಹೋದದ್ದು,” ಎಂದೆ.

ಬೀಗರು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ದಿಟ್ಟಿಸಿದರು.

“ಕಬ್ಬಿಣ ಬಿತ್ತು ಅಂದ್ರೆ ಒಂದ್ ಅರ್ಥ ಅದೆ. ಐಸು ಎಲ್ಲಾದ್ರೂ ಬೆರಳ ತಿಂತದಾ? ಫ್ರಿಜ್ಜಲ್ಲಿ ದಿನಾ ಮುಟ್ಟಾಕಿಲ್ವಾ ನಾವು?” ಎಂದು ನನ್ನ ಕೈಲಿದ್ದ ಒಬ್ಬಟ್ಟನ್ನು ಕಿತ್ತುಕೊಂಡರು. “ಬಾಯಿ ಚಪಲಕ್ಕೆ ಸುಳ್ಳು ಯೋಳ್ಬಾರ್ದು ಬೀಗ್ರೇ. ಓಗಿ, ಇನ್ನೊಂದ್ ಲೋಟ ಆಗಲಕಾಯಿ ರಸ ಕುಡೀರಿ.”